ಬಿಕಾಂ ಡೈರಿ 6: ಚೀಲದ ತಳದ ಕೊಬ್ಬರಿ

ಫೋಟೋದಲ್ಲಿರೋದು ನಮ್ಮನೆ ಅಟ್ಟ. ದಂಡಿನಶಿವರದ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳ್ತೀನಿ. ಬಲಿತ ಕಾಯನ್ನ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತೆ. ಅಲ್ಲಾಡಿಸಿದ್ರೆ ಒಳಗೆ ಉಂಡೆ ಸದ್ದು ಮಾಡಬೇಕು. ಮಾಡಲಿಲ್ಲ ಅಂದ್ರೆ ಇನ್ನೂ ಕಾಯಬೇಕು.

ಹೋದ ವರ್ಷ ನಾನು ಕಾಯಲಿಲ್ಲ. ಫೀಸ್ ಕಟ್ಟೋ ಕೊನೇ ದಿನ ಹತ್ತಿರ ಬಂದಿತ್ತು. ಅಪ್ಪ ತೋಟದಲ್ಲಿದ್ದಾಗ ಸರಿಯಾಗಿ ಒಣಗದ ಕೊಬ್ಬರಿನ ಚೀಲದ ತಳಕ್ಕೆ ಹಾಕಿ, ಮೇಲೆ ಒಳ್ಳೇದನ್ನ ತುಂಬಿದೆ. ಒಂದೇ ಚೀಲ. ಯಾರು ನೋಡ್ತಾರೆ ಅಂತ.

ತಿಪಟೂರಿನ ಮಂಡಿಯಲ್ಲಿ ಅವತ್ತು ಹೊಸ ಹುಡುಗ ಇದ್ದ. ಆ ಚೀಲವನ್ನೇ ಪೂರ್ತಿ ನೆಲಕ್ಕೆ ಸುರಿದ. ತಳದ್ದೊಂದನ್ನ ಕತ್ತರಿಸಿದ್ರೆ ಒಳಗೆ ಹಸಿ. ತಂದಿದ್ದ ಹನ್ನೊಂದು ಚೀಲಕ್ಕೂ ರೇಟು ಇಳೀತು. ಅಪ್ಪ ಅಲ್ಲಿ ಮಾತಾಡಲಿಲ್ಲ. ಬಸ್ಸಲ್ಲಿ ಬರುವಾಗ ಒಂದೇ ಮಾತು: "ಇನ್ಮೇಲೆ ಪ್ರತಿ ಸಲ ಸುರಿದು ನೋಡ್ತಾರೆ ಕಣವ್ವ."

ಈ ಸೆಮಿಸ್ಟರ್ ಕ್ಲಾಸಲ್ಲಿ ಪ್ರೀ-ಶಿಪ್‌ಮೆಂಟ್ ಇನ್‌ಸ್ಪೆಕ್ಷನ್ ಪಾಠ ಬಂದಾಗ ಆ ಮಂಡಿಯ ನೆಲವೇ ಕಣ್ಮುಂದೆ ಬಂತು. ಮಾರೋರು ಇಲ್ಲಿ, ಕೊಳ್ಳೋರು ದುಬೈನಲ್ಲಿ ಅಂದ್ಕೊಳ್ಳಿ. ಅಲ್ಲಿಂದ ಬಂದು ಚೀಲ ಸುರಿಯೋಕೆ ಆಗಲ್ಲ. ಲೆಟರ್ ಆಫ್ ಕ್ರೆಡಿಟ್ ಇದ್ರೆ ದುಡ್ಡು ಕೊಡೋದು ಬ್ಯಾಂಕು. ಆದ್ರೆ ಬ್ಯಾಂಕು ಸರಕನ್ನ ನೋಡಲ್ಲ, ಕಾಗದ ನೋಡುತ್ತೆ. ಯುಸಿಪಿ 600 ನಿಯಮ ಹೇಳೋದೂ ಇದನ್ನೇ.

ಅದಕ್ಕೇ ಇಬ್ಬರಿಗೂ ಸೇರದ ಮೂರನೆಯವರು ಬರ್ತಾರೆ. ಸರಕು ಹೊರಡೋ ಮೊದಲು ಎಣಿಸಿ, ತೂಕ ನೋಡಿ, ಅಲ್ಲಲ್ಲಿಂದ ಸ್ಯಾಂಪಲ್ ತೆಗೆದು, ಬೇಕಾದ್ರೆ ಲ್ಯಾಬಿಗೆ ಕಳಿಸಿ ಸರ್ಟಿಫಿಕೇಟ್ ಕೊಡ್ತಾರೆ. ಈಗ ದೊಡ್ಡ ಹೆಸರಾಗಿರೋ ಎಸ್‌ಜಿಎಸ್ ಕಂಪನಿ 1878ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿದ್ದೇ ಹಡಗಿನ ಧಾನ್ಯ ಪರೀಕ್ಷೆ ಮಾಡೋಕೆ. ನಮ್ಮ ದೇಶದಲ್ಲೂ ರಫ್ತು ಸರಕಿನ ಗುಣಮಟ್ಟ ನೋಡೋಕೆ 1963ರಲ್ಲೇ ಕಾಯ್ದೆ ಬಂತು.

ಮೊದಲು ನನಗನ್ನಿಸಿದ್ದು, ಇದೆಲ್ಲ ನನ್ನಂಥ ಕಳ್ಳರನ್ನ ಹಿಡಿಯೋಕೆ ಅಂತ. ಆಮೇಲೆ ಇನ್ನೊಂದು ಹೊಳೀತು. ಸರಕು ತಲುಪಿದ ಮೇಲೆ ಕೊಂಡವರು "ಮಾಲು ಸರಿಯಿಲ್ಲ, ರೇಟು ಇಳಿಸಿ" ಅಂದ್ರೆ, ನಿಯತ್ತಾಗಿ ಮಾರಿದವರ ಕೈಲಿ ಆ ಕಾಗದ ಇರುತ್ತೆ. ಎಲ್ಲ ಚೀಲ ನೋಡಿರಲ್ಲ ನಿಜ, ಆದ್ರೂ ವಾದ ಮಾಡೋಕೆ ಒಂದು ಆಧಾರ.

ಅಪ್ಪನ ಕೈಲಿ ಏನಿದೆ? ಅವತ್ತು ನಮ್ಮ ಕೊಬ್ಬರಿ ಕತ್ತರಿಸಿದವನು ಕೊಳ್ಳೋರ ಕಡೆಯವನು. ಅವನು ಹೇಳಿದ್ದು ಸರಿ ಇತ್ತು, ತಪ್ಪು ನಂದೇ. ಆದ್ರೆ ನಮ್ಮ ಕೊಬ್ಬರಿ ಚೆನ್ನಾಗಿದ್ದು, ಅವನು "ಹಸಿ" ಅಂದ ದಿನ? ಅಪ್ಪನ ಹತ್ರ ಇದ್ದಿದ್ದು ಇಷ್ಟು ವರ್ಷದ ಹೆಸರು ಮಾತ್ರ. ಅದನ್ನೇ ನಾನು ಒಂದು ಚೀಲದಲ್ಲಿ ಕಳೆದೆ.

ಈ ಸಲ ಒಂದೊಂದು ಕಾಯನ್ನೂ ಅಲ್ಲಾಡಿಸಿ ಕೇಳಿ ಇಳಿಸಿದೀನಿ. ನಿನ್ನೆ ಚೀಲ ತುಂಬ್ತಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ಕೂತರು. "ಒಳ್ಳೇದನ್ನ ತಳಕ್ಕೆ ಹಾಕವ್ವ" ಅಂದ್ರು.

ನಿಮ್ಮೂರಲ್ಲಿ ಮಾಲು ನೋಡೋರು ಯಾರ ಕಡೆಯವರು? ಕಾಮೆಂಟಲ್ಲಿ ಹೇಳಿ.

#ಬಿಕಾಂಡೈರಿ #ದಂಡಿನಶಿವರ #ತಿಪಟೂರುಕೊಬ್ಬರಿ