ಮುಷ್ಕರ ಸಮಿತಿಯವರು ಮುಂದೇನಾದರು?

ಫಜಲ್ ಅಲಿ ಮತ್ತು ಮಹಾಜನ್ ಎಂಬ ಎರಡು ಹೆಸರುಗಳನ್ನು ಕೇಳದ ಕನ್ನಡಿಗ ಮುಂಬಯಿಯಲ್ಲಿ ಸಿಗುವುದು ಅಪರೂಪ. ಫಜಲ್ ಅಲಿಯವರ ಆಯೋಗ 1955ರಲ್ಲಿ ಕೊಟ್ಟ ವರದಿಯ ಹಿಂದೆಯೇ, ಹರಿದು ಹಂಚಿಹೋಗಿದ್ದ ಕನ್ನಡನಾಡು 1956ರ ನವೆಂಬರ್ 1ರಂದು ಒಂದಾಯಿತು. ಮಹಾಜನರು 1967ರಲ್ಲಿ ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಉಳಿಯಲಿ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡು ಇತ್ತ ಬರಲಿ ಎಂದು ಬರೆದುಕೊಟ್ಟರು. ನಮ್ಮ ಸಂಘಗಳ ಸಭೆಗಳಲ್ಲಿ ಈ ಎರಡು ವರದಿಗಳ ಬಗ್ಗೆ ಆದಷ್ಟು ಚರ್ಚೆ ಬಹುಶಃ ಬೇರೆ ಯಾವುದರ ಬಗ್ಗೆಯೂ ಆಗಿರಲಾರದು.

ಆದರೆ ಈ ಇಬ್ಬರು ನ್ಯಾಯಮೂರ್ತಿಗಳು ಅದಕ್ಕೂ ಮೊದಲು, 1946ರಲ್ಲಿ, ಒಂದೇ ಆಯೋಗದಲ್ಲಿ ಜೊತೆಯಾಗಿ ಕುಳಿತಿದ್ದರೆಂಬುದು ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಆಗ ಫಜಲ್ ಅಲಿಯವರು ಪಾಟ್ನಾ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರು, ಆ ಆಯೋಗದ ಅಧ್ಯಕ್ಷರು. ಮೆಹರ್ ಚಂದ್ ಮಹಾಜನರು ಲಾಹೋರ್ ಹೈಕೋರ್ಟಿನವರು, ಸದಸ್ಯರು. ಅವರ ಮುಂದೆ ಇದ್ದದ್ದು ಗಡಿಯ ತಕರಾರಲ್ಲ. ನಮ್ಮಲ್ಲಿ ನೂರಾರು ಜನ ದಿನವೂ ಲೋಕಲ್ ಇಳಿದು ನಡೆದುಹೋಗುವ ಕೋಟೆ ಪ್ರದೇಶದಲ್ಲಿ, ಮುಂಬಯಿ ಬಂದರಿನಲ್ಲಿ, ಆ ವರ್ಷದ ಫೆಬ್ರವರಿಯಲ್ಲಿ ನಡೆದ ನಾವಿಕರ ಬಂಡಾಯದ ವಿಚಾರಣೆ ಅದು.

ನಾನು ಇತಿಹಾಸ ಓದಿದವನಲ್ಲ. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಾರಕೂನನಾದವನು. ನೌಕರರ ಸೇವಾ ಪುಸ್ತಕಗಳನ್ನು ಬರೆಯುವುದು, ಪಿಂಚಣಿಯ ಕಾಗದಗಳನ್ನು ಜೋಡಿಸುವುದು ನನ್ನ ಕೆಲಸ. ಆದ್ದರಿಂದಲೋ ಏನೋ, ಬಂಡಾಯದ ಕಥೆ ಓದುವಾಗ ಗುಂಡು ಫಿರಂಗಿಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ: ಮುಂದೆ ನಿಂತವರು ಆಮೇಲೆ ಏನಾದರು? ನನ್ನ ತಂದೆ ವಿಜಾಪುರ ಜಿಲ್ಲೆಯಿಂದ ಬಂದು ಲಾಲಬಾಗಿನ ಬಟ್ಟೆ ಗಿರಣಿಯೊಂದರಲ್ಲಿ ದುಡಿದವರು. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದಲ್ಲಿ ಹೊರಬಂದವರನ್ನು ಆ ಗಿರಣಿ ಮತ್ತೆ ಒಳಗೆ ಕರೆಯಲೇ ಇಲ್ಲ. ಮುಲುಂಡಿನ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕಾವಲುಗಾರರಾಗಿ ನಮ್ಮನ್ನು ಓದಿಸಿದರು. “ಸಂಪ ಯಾವಾಗ ಸುರು ಆತು ಅಂತ ಎಲ್ಲಾರೂ ಬರೀತಾರ, ಸಂಪ ಮುಗದ ಮ್ಯಾಲ ಮನ್ಯಾಗ ಒಲಿ ಹೆಂಗ ಹತ್ತಿತು ಅಂತ ಯಾರೂ ಬರಿಯಂಗಿಲ್ಲ” ಎನ್ನುತ್ತಿದ್ದರು. ಆ ಮಾತು ತಲೆಯಲ್ಲಿಟ್ಟುಕೊಂಡೇ ನಾನು ಈ ನಾವಿಕರ ಬೆನ್ನು ಹತ್ತಿದ್ದು.

ಮೊದಲು ಸಂಗತಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೊಲಾಬಾದಲ್ಲಿ ‘ತಲವಾರ್’ ಎಂಬ ನೌಕಾದಳದ ತರಬೇತಿ ಕೇಂದ್ರವಿತ್ತು. ಹೆಸರು ಹಡಗಿನಂತಿದ್ದರೂ ಅದು ನೆಲದ ಮೇಲಿನ ಸಿಗ್ನಲ್ ಶಾಲೆ. ತಂತಿ, ರೇಡಿಯೋ ಕೆಲಸ ಕಲಿಯುವ ಹುಡುಗರು ಅಲ್ಲಿದ್ದರು. ಉಳಿದ ನಾವಿಕರಿಗಿಂತ ಇವರು ನಾಲ್ಕಕ್ಷರ ಹೆಚ್ಚು ಕಲಿತವರು. ಅನ್ನದಲ್ಲಿ ಕಲ್ಲು, ನೀರಿನಂಥ ಬೇಳೆ, ಒಂದೇ ಕೆಲಸಕ್ಕೆ ಗೋರಾ ನಾವಿಕನಿಗೊಂದು ಸಂಬಳ, ಇವರಿಗೊಂದು. ಯುದ್ಧ ಮುಗಿದಿತ್ತು, ಸಾವಿರಾರು ಜನರನ್ನು ಮನೆಗೆ ಕಳಿಸುವ ಸಿದ್ಧತೆ ನಡೆದಿತ್ತು, ಮುಂದೆ ಹೊಟ್ಟೆಪಾಡು ಏನೆಂದು ಯಾರಿಗೂ ತಿಳಿಯದು. ಅತ್ತ ದೆಹಲಿಯ ಕೆಂಪುಕೋಟೆಯಲ್ಲಿ ನೇತಾಜಿಯವರ ಆಜಾದ್ ಹಿಂದ್ ಸೇನೆಯ ಅಧಿಕಾರಿಗಳ ವಿಚಾರಣೆ ನಡೆದು ದೇಶವೇ ಕುದಿಯುತ್ತಿತ್ತು.

1945ರ ಡಿಸೆಂಬರ್ 1ರಂದು ನೌಕಾದಿನಕ್ಕೆಂದು ತಲವಾರನ್ನು ಸಾರ್ವಜನಿಕರಿಗೆ ತೋರಿಸಬೇಕೆಂದಿದ್ದಾಗ, ಬೆಳಗಾಗುವುದರೊಳಗೆ ಗೋಡೆಗಳ ಮೇಲೆಲ್ಲ ‘ಭಾರತ ಬಿಟ್ಟು ತೊಲಗಿ’ ಎಂಬಂಥ ಘೋಷಣೆಗಳು ಮೂಡಿದ್ದವು. ಇಂಥದೇ ಕೆಲಸಕ್ಕಾಗಿ 1946ರ ಫೆಬ್ರವರಿ ಮೊದಲಲ್ಲಿ, ಸರಸೇನಾಪತಿ ಆಕಿನ್‌ಲೆಕ್ ಭೇಟಿಯ ಹೊತ್ತಿನಲ್ಲಿ, ಬಲಾಯಿ ಚಂದ್ರ ದತ್ತ ಎಂಬ ಬಂಗಾಳಿ ಯುವಕ ಸಿಕ್ಕಿಬಿದ್ದ. ಕೆಲವೇ ದಿನಗಳಲ್ಲಿ ತಲವಾರಿನ ಮುಖ್ಯಾಧಿಕಾರಿ ಕಮಾಂಡರ್ ಕಿಂಗ್ ಹುಡುಗರನ್ನು ತಾಯಿ ಹೆಸರೆತ್ತಿ, ಕೂಲಿಗಳೆಂದು, ಜಂಗಲಿಗಳೆಂದು ಬೈದ. ದೂರು ಬರೆದುಕೊಟ್ಟರು, ಅದು ಮೇಜಿನ ಮೇಲೆ ಕುಳಿತಿತು. ದೂರು ಮೇಜಿನ ಮೇಲೆ ಕೂರುವುದೆಂದರೇನೆಂದು ನಮ್ಮ ವೃತ್ತಿಯವರಿಗೆ ವಿವರಿಸಬೇಕಾಗಿಲ್ಲ. ಫೆಬ್ರವರಿ 18ರ ಬೆಳಗ್ಗೆ ಹುಡುಗರು ತಟ್ಟೆ ತಳ್ಳಿ ಎದ್ದರು. ಅನ್ನವೂ ಬೇಡ, ಕೆಲಸವೂ ಇಲ್ಲ ಎಂದರು.

ಸಿಗ್ನಲ್ ಶಾಲೆಯ ಹುಡುಗರಾದ್ದರಿಂದ ಸುದ್ದಿ ಕಳಿಸುವ ಯಂತ್ರಗಳೆಲ್ಲ ಅವರ ಕೈಯಲ್ಲೇ ಇದ್ದವು. ಮರುದಿನದ ಹೊತ್ತಿಗೆ ಬಂದರಿನ ಹಡಗುಗಳೆಲ್ಲ ಎದ್ದುನಿಂತವು. ಕರಾಚಿ, ಮದ್ರಾಸು, ಕಲಕತ್ತಾ, ವಿಶಾಖಪಟ್ಟಣಗಳಿಗೂ ಹಬ್ಬಿ, ಒಟ್ಟು 78 ಹಡಗುಗಳು, 20 ನೆಲೆಗಳು, ಸುಮಾರು 20,000 ನಾವಿಕರು ಇದರಲ್ಲಿ ಸೇರಿದರು. ಬ್ರಿಟಿಷ್ ಬಾವುಟ ಇಳಿಸಿ ಕಾಂಗ್ರೆಸ್ಸಿನ ತಿರಂಗ, ಲೀಗಿನ ಹಸಿರು, ಕಮ್ಯುನಿಸ್ಟರ ಕೆಂಪು ಬಾವುಟಗಳನ್ನು ಒಂದೇ ಕಂಬಕ್ಕೆ ಕಟ್ಟಿದರು.

ಆಗ ಆದದ್ದು ಆ ಸೈನ್ಯದಲ್ಲಿ ಹಿಂದೆ ಎಂದೂ ಆಗದ ಕೆಲಸ. ನಾವಿಕರು ತಮ್ಮ ನಾಯಕರನ್ನು ತಾವೇ ಆರಿಸಿಕೊಂಡರು. 36 ಜನರ ಕೇಂದ್ರ ಮುಷ್ಕರ ಸಮಿತಿ. ಅಧ್ಯಕ್ಷ ಎಂ.ಎಸ್. ಖಾನ್, ಲೀಡಿಂಗ್ ಸಿಗ್ನಲ್‌ಮನ್. ಉಪಾಧ್ಯಕ್ಷ ಮದನ್ ಸಿಂಗ್, ಪೆಟಿ ಆಫೀಸರ್ ಟೆಲಿಗ್ರಾಫಿಸ್ಟ್. ಇಬ್ಬರೂ ಪಂಜಾಬಿನವರು, ಇಬ್ಬರಿಗೂ ಇಪ್ಪತ್ತೈದು ತುಂಬಿರಲಿಲ್ಲ. ಅವರ ಬೇಡಿಕೆಗಳಲ್ಲಿ ಒಳ್ಳೆಯ ಊಟ ಮತ್ತು ಸಮಾನ ಸಂಬಳದ ಜೊತೆಗೆ ಆಜಾದ್ ಹಿಂದ್ ಸೈನಿಕರ ಬಿಡುಗಡೆ, ಇಂಡೋನೇಶಿಯಾದಿಂದ ಭಾರತದ ಸೈನ್ಯ ಹಿಂದಕ್ಕೆ ಬರಬೇಕೆಂಬುದೂ ಇದ್ದವು.

21ರಂದು ಕ್ಯಾಸಲ್ ಬ್ಯಾರಕ್ಸಿನಲ್ಲಿ, ಅಂದರೆ ಇಂದಿನ ಐ.ಎನ್.ಎಸ್. ಆಂಗ್ರೆಯಲ್ಲಿ, ಗಂಟೆಗಟ್ಟಲೆ ಗುಂಡಿನ ಕಾಳಗ ನಡೆಯಿತು. ನೌಕಾದಳವೇ ನಾಶವಾದರೂ ಸರಿ, ಬಗ್ಗಿಸುತ್ತೇವೆಂದು ವೈಸ್ ಅಡ್ಮಿರಲ್ ಗಾಡ್‌ಫ್ರಿ ರೇಡಿಯೋದಲ್ಲಿ ಗುಡುಗಿದರು. ಹಸಿದ ಹುಡುಗರಿಗೆಂದು ಮುಂಬಯಿಯ ಜನ ಗೇಟ್‌ವೇ ಬಳಿಗೆ ಊಟದ ಗಂಟುಗಳನ್ನು ಹೊತ್ತು ತಂದರು. ಹೋಟೆಲಿನವರು ಇದ್ದದ್ದನ್ನೆಲ್ಲ ಒಯ್ಯಿರೆಂದು ಕಟ್ಟಿಕೊಟ್ಟರು. 22ರಂದು ಗಿರಣಿ ಕಾರ್ಮಿಕರು ಲಕ್ಷಗಟ್ಟಲೆ ಬೀದಿಗಿಳಿದರು. ಪರೇಲಿನಲ್ಲಿ ಕಮಲ ದೋಂದೆ ಎಂಬ ಮಹಿಳೆ ಗುಂಡಿಗೆ ಬಲಿಯಾದರು. ಮುಂಬಯಿಯಲ್ಲಿ ಸತ್ತ ನಾಗರಿಕರ ಸಂಖ್ಯೆ ಸರ್ಕಾರಿ ಲೆಕ್ಕದಲ್ಲೇ 228.

ಕೊನೆಗೆ ಸರ್ದಾರ್ ಪಟೇಲರು ಶರಣಾಗಿರೆಂದು ಹೇಳಿಕಳಿಸಿದರು. ಯಾರನ್ನೂ ಬಲಿಗೊಡದಂತೆ ಕಾಂಗ್ರೆಸ್ಸು ಕೈಲಾದದ್ದನ್ನು ಮಾಡುವುದೆಂದೂ ಮಾತುಕೊಟ್ಟರು. ಜಿನ್ನಾರವರ ಸಂದೇಶವೂ ಬಂತು. 22ರ ರಾತ್ರಿಯೆಲ್ಲ ಸಮಿತಿ ಚರ್ಚಿಸಿ ಮತ ಹಾಕಿತು. ಶರಣಾಗತಿಗೆ 30, ವಿರೋಧ 6. 23ರ ಬೆಳಗ್ಗೆ ಹಡಗುಗಳ ಮೇಲೆ ಕಪ್ಪು ಬಾವುಟ ಏರಿತು. ತಾವು ಶರಣಾಗುತ್ತಿರುವುದು ಭಾರತಕ್ಕೆ, ಬ್ರಿಟನ್ನಿಗಲ್ಲ ಎಂದು ಸಮಿತಿ ಹೇಳಿಕೆ ಕೊಟ್ಟು ತನ್ನ ಕೆಲಸ ಮುಗಿಸಿತು. ಸಾಮಾನ್ಯವಾಗಿ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ.

ಆಮೇಲಿನದನ್ನು ನೋಡೋಣ. ಕೊಟ್ಟ ಮಾತು ಉಳಿಯಲಿಲ್ಲ. ನೂರಾರು ಹುಡುಗರನ್ನು ಹಿಡಿದು ಮುಲುಂಡಿನ ಶಿಬಿರದಲ್ಲಿ ಕೂಡಿಹಾಕಿದರು. ನಾನಿರುವುದು ಮುಲುಂಡಿನಲ್ಲೇ. ಇಲ್ಲಿ ಮೂವತ್ತು ವರ್ಷ ಕಳೆದ ನಮ್ಮವರಿಗೂ ಈ ಸಂಗತಿ ಹೊಸದು. ವಿಚಾರಣೆಗಳು ನಡೆದು 476 ನಾವಿಕರನ್ನು ಸೇವೆಯಿಂದ ತೆಗೆದುಹಾಕಿ ಊರಿಗೆ ಕಳಿಸಿದರು. ಯಾರನ್ನೂ ನೇಣಿಗೆ ಹಾಕಲಿಲ್ಲ.

ನೇಣಿಗೆ ಹಾಕಿದ್ದರೆ ಬಹುಶಃ ನಮಗೆ ಹೆಸರುಗಳಾದರೂ ನೆನಪಿರುತ್ತಿದ್ದವು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೇರಿಸಿದರು. ನಮ್ಮ ಜನ ಅವನ ಮೇಲೆ ಲಾವಣಿ ಕಟ್ಟಿದರು. ರಷ್ಯದ ಪೊಟೆಮ್ಕಿನ್ ಹಡಗಿನಲ್ಲಿ 1905ರಲ್ಲಿ ಬಂಡೆದ್ದ ನಾವಿಕರ ನಾಯಕ ಮತ್ಯುಶೆಂಕೊ ದೇಶದೇಶ ಅಲೆದು ಊರಿಗೆ ಮರಳಿದಾಗ ಸಿಕ್ಕಿಬಿದ್ದು 1907ರಲ್ಲಿ ಗಲ್ಲಿಗೇರಿದ. ಅವರ ಹಡಗಿನ ಮೇಲೆ ಲೋಕವೆಲ್ಲ ನೋಡಿದ ಚಲನಚಿತ್ರವೇ ಬಂತು. ನೌಕರಿ ಕಳೆದುಕೊಂಡು ಪೆಟ್ಟಿಗೆ ಹೊತ್ತು ಊರಿನ ಸ್ಟೇಷನ್ನಿನಲ್ಲಿ ಇಳಿದವನ ಮೇಲೆ ಯಾರು ಲಾವಣಿ ಕಟ್ಟುತ್ತಾರೆ? ಅವನು ಮನೆಯವರ ಕಣ್ಣಿನಲ್ಲಿ ಸರ್ಕಾರಿ ಕೆಲಸ ಹಾಳುಮಾಡಿಕೊಂಡು ಬಂದವನು.

ಅಧ್ಯಕ್ಷ ಖಾನ್ ದೇಶ ವಿಭಜನೆಯಾದ ಮೇಲೆ ಪಾಕಿಸ್ತಾನಕ್ಕೆ ಹೋದರು. ಉಪಾಧ್ಯಕ್ಷ ಮದನ್ ಸಿಂಗ್ ಭಾರತದಲ್ಲಿ ಉಳಿದರು. ಒಂದೇ ಪ್ರಾಂತದ, ಒಂದೇ ಸಮಿತಿಯ, ಮೂರು ಬಾವುಟ ಒಂದೇ ಕಂಬಕ್ಕೆ ಕಟ್ಟಿದ ಇಬ್ಬರು ಒಂದೂವರೆ ವರ್ಷದೊಳಗೆ ಎರಡು ದೇಶಗಳವರಾದರು. ಬಿಶ್ವನಾಥ ಬೋಸ್ ಎಂಬ ಇನ್ನೊಬ್ಬ ನಾವಿಕರೂ ಕೆಲಸ ಕಳೆದುಕೊಂಡವರೇ. ನಾಲ್ಕು ದಶಕಗಳ ನಂತರ ಈ ಬಂಡಾಯದ ಬಗ್ಗೆ ಪುಸ್ತಕ ಬರೆದರು. ಘೋಷಣೆ ಬರೆದು ಸಿಕ್ಕಿಬಿದ್ದ ದತ್ತ ಮುಂಬಯಿಯನ್ನೇ ನೆಚ್ಚಿಕೊಂಡರು. ‘ಫ್ರೀ ಪ್ರೆಸ್ ಜರ್ನಲ್’ ಪತ್ರಿಕೆ ಅವರಿಗೆ ವರದಿಗಾರನ ಕೆಲಸ ಕೊಟ್ಟಿತು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರಿಗೆ ಈ ಊರಿನಲ್ಲಿ ಮೊದಲು ನೆಲೆ ಕೊಟ್ಟ ಪತ್ರಿಕೆಯೂ ಅದೇ. ಮುಂದೆ ದತ್ತರು ಜಾಹೀರಾತು ಕ್ಷೇತ್ರಕ್ಕೆ ಹೋದರು, 1971ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು, 2009ರಲ್ಲಿ ತೀರಿಕೊಂಡರು.

ಎದುರು ಪಕ್ಷದವರ ಗತಿಯನ್ನೂ ಹೇಳಬೇಕು. ಕಮಾಂಡರ್ ಕಿಂಗನನ್ನು ಮುಷ್ಕರ ಶುರುವಾದೊಡನೆ ತಲವಾರಿನಿಂದ ಬದಲಾಯಿಸಿದರು. ಗಾಡ್‌ಫ್ರಿ ಯುದ್ಧಕಾಲದಲ್ಲಿ ಬ್ರಿಟಿಷ್ ನೌಕಾಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದವರು. ಜೇಮ್ಸ್ ಬಾಂಡ್ ಕಥೆಗಳ ಇಯಾನ್ ಫ್ಲೆಮಿಂಗ್ ಆಗ ಅವರ ಕೈಕೆಳಗಿದ್ದ, ಕಥೆಯಲ್ಲಿ ಬರುವ ‘ಎಂ’ ಇವರನ್ನು ನೋಡಿ ಬರೆದದ್ದೆನ್ನುತ್ತಾರೆ. ಆ ದರ್ಜೆಯ ಅಧಿಕಾರಿಗಳಲ್ಲಿ ಯುದ್ಧಸೇವೆಗಾಗಿ ಯಾವ ಮನ್ನಣೆಯೂ ಸಿಗದೆ ನಿವೃತ್ತರಾದವರು ಅವರೊಬ್ಬರೇ.

ಪಟೇಲರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ. ನಾಳೆ ಸ್ವತಂತ್ರ ಭಾರತಕ್ಕೂ ಶಿಸ್ತಿನ ಸೈನ್ಯ ಬೇಕಲ್ಲವೇ ಎಂಬುದು ಅವರ ವಾದ. ಇಪ್ಪತ್ತು ವರ್ಷ ನಡತೆ ನಿಯಮಗಳ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿದ ನನಗೆ ಆ ಮಾತಿನ ತೂಕ ತಿಳಿಯುತ್ತದೆ. ಬ್ರಿಟನ್ನಿನ ಮಂತ್ರಿ ನಿಯೋಗ ಬರುವುದೆಂದು ಫೆಬ್ರವರಿ 19ರಂದೇ ಲಂಡನ್ನಿನಲ್ಲಿ ಸಾರಿದ್ದರು. ಮಾತುಕತೆ ಬಾಗಿಲಿಗೆ ಬಂದಿರುವಾಗ ಮುಂಬಯಿ ಹೊತ್ತಿ ಉರಿಯುವುದು ಯಾವ ಹಿರಿಯ ನಾಯಕನಿಗೂ ಬೇಡವಾಗಿತ್ತು. ಇದನ್ನೆಲ್ಲ ಒಪ್ಪೋಣ.

ನನಗೆ ಒಪ್ಪಲಾಗದಿರುವುದು 1947ರ ನಂತರದ ಮೌನ. ಆ ವರ್ಷ ಜನವರಿಯಲ್ಲಿ ಫಜಲ್ ಅಲಿ ಆಯೋಗದ ವರದಿ ಹೊರಬಂತು. ನಾವಿಕರಲ್ಲಿ ಹಬ್ಬಿದ್ದ ಅಸಮಾಧಾನವೇ ಬಂಡಾಯದ ಮೂಲ, ಅದಕ್ಕೆ ಕಾರಣ ಸೇವೆಯ ಸ್ಥಿತಿಗತಿ, ಊಟ, ಅಧಿಕಾರಿಗಳ ವರ್ತನೆ ಎಂದು ಅದು ಹೇಳಿತು. ಅಂದರೆ ಹುಡುಗರ ದೂರಿನಲ್ಲಿ ಹುರುಳಿತ್ತೆಂದು ಸರ್ಕಾರವೇ ನೇಮಿಸಿದ ನ್ಯಾಯಾಧೀಶರು ಬರೆದುಕೊಟ್ಟಂತಾಯಿತು. ಏಳು ತಿಂಗಳಿಗೆ ಸ್ವಾತಂತ್ರ್ಯವೂ ಬಂತು. ಆದರೂ ಭಾರತದ ನೌಕಾದಳವಾಗಲಿ ಪಾಕಿಸ್ತಾನದ್ದಾಗಲಿ ಅವರನ್ನು ಮರಳಿ ತೆಗೆದುಕೊಳ್ಳಲಿಲ್ಲ. ಆಜಾದ್ ಹಿಂದ್ ಸೇನೆಯವರನ್ನೂ ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲವೆಂಬುದು ನಿಜ. ಆದರೆ ಕೆಂಪುಕೋಟೆಯ ಶಾ ನವಾಜ್ ಖಾನರು ನೆಹರೂ ಸರ್ಕಾರದಲ್ಲಿ ಮಂತ್ರಿಗಳಾದರು. ತಲವಾರಿನ ಹುಡುಗರು ಅಧಿಕಾರಿಗಳಲ್ಲ, ಕೆಳದರ್ಜೆಯ ನಾವಿಕರು. ಅವರ ಕಡತವನ್ನು ತೆರೆಯುವವರೇ ಇರಲಿಲ್ಲ.

1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಆರಂಭಿಸಿತು, 1980ರಲ್ಲಿ ಅದನ್ನು ವಿಸ್ತರಿಸಿತು. ಅಂಗೀಕೃತ ಚಳವಳಿಗಳ ಪಟ್ಟಿಯಲ್ಲಿ ಈ ನೌಕಾ ಬಂಡಾಯವೂ ಸೇರಿದೆ. ನಿಯಮ ಓದುವಾಗ ಒಂದು ಕಲಮಿನ ಮೇಲೆ ನನ್ನ ಬೆರಳು ನಿಂತಿತು: ಚಳವಳಿಯಲ್ಲಿ ಭಾಗವಹಿಸಿ ಸರ್ಕಾರಿ ನೌಕರಿ ಕಳೆದುಕೊಂಡವರೂ ಅರ್ಹರು, ಆದರೆ ದಾಖಲೆ ಬೇಕು. ಅಂದರೆ 1946ರಲ್ಲಿ ಯಾವ ಕಾಗದವನ್ನು ಮನೆಯವರಿಗೆ ತೋರಿಸಲು ನಾಚಿಕೆಯಾಗಿತ್ತೋ, ಕಾಲು ಶತಮಾನದ ಮೇಲೆ ಅದೇ ಕಾಗದ ಗೌರವದ ಪುರಾವೆಯಾಯಿತು. ಅದನ್ನು ಜೋಪಾನವಾಗಿ ಇಟ್ಟುಕೊಂಡವನು ಅರ್ಜಿ ಹಾಕಬಹುದಾಗಿತ್ತು. ಸಿಟ್ಟಿನಲ್ಲಿ ಹರಿದೆಸೆದವನು ಏನು ಮಾಡಬೇಕು?

ಈಗ ಕೊಲಾಬಾದಲ್ಲಿ ನೌಕಾ ಬಂಡಾಯದ ಸ್ಮಾರಕವಿದೆ. ದತ್ತ ಮತ್ತು ಮದನ್ ಸಿಂಗರ ಹೆಸರನ್ನು ನೌಕಾದಳ ತನ್ನ ಎರಡು ನೌಕೆಗಳಿಗೆ ಇಟ್ಟಿದೆ. ತಡವಾದರೂ ಸಂತೋಷದ ಮಾತೇ. ಊರಿನಿಂದ ನೆಂಟರು ಬಂದಾಗ ನಾವೆಲ್ಲ ಅವರನ್ನು ಗೇಟ್‌ವೇಗೆ ಕರೆದೊಯ್ಯುತ್ತೇವೆ, ತಾಜ್ ಹೋಟೆಲು ತೋರಿಸುತ್ತೇವೆ, ಮಕ್ಕಳಿಗೆ ಕಡಲೆಕಾಯಿ ಕೊಡಿಸುತ್ತೇವೆ. ಮುಂದಿನ ಸಲ ಎದುರಿನ ನೀರನ್ನು ತೋರಿಸಿ, ಇಲ್ಲಿ ನಿಂತಿದ್ದ ಹಡಗುಗಳಲ್ಲಿ ಐದು ದಿನ ಹುಡುಗರದೇ ಆಡಳಿತ ನಡೆದಿತ್ತು, ಖಾನ್ ಮತ್ತು ಮದನ್ ಸಿಂಗ್ ಅವರ ಮುಖಂಡರಾಗಿದ್ದರು, ಈ ಕಟ್ಟೆಯ ಮೇಲೆ ನಿಂತು ಮುಂಬಯಿಯ ಜನ ಅವರಿಗೆ ಅನ್ನ ಕೊಟ್ಟರು ಎಂದು ಹೇಳಿ. ಆಮೇಲೆ ಅವರು ಏನಾದರೆಂದು ಮಕ್ಕಳು ಕೇಳಿದರೆ, ಅದನ್ನೂ ಬಿಡದೆ ಹೇಳಿ.