ನಮ್ಮ ಫ್ಲೀಟ್‌ನಲ್ಲಿ ಡಿಸ್ಟ್ರಾಯರ್ ಇರಲಿಲ್ಲ

ಶನಿವಾರ ರಾತ್ರಿ ಮೆಸ್ಸಿನ ಊಟ ಮುಗಿದರೆ ನಮ್ಮ ರೂಮಿನ ಮೂವರಿಗೂ ಒಂದೇ ಕೆಲಸ: ಸ್ಟೆಲ್ಲಾರಿಸ್. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2016ರಲ್ಲಿ ಬಿಡುಗಡೆ ಮಾಡಿದ ಗೇಮ್ ಇದು. ಒಂದು ಸಾಮ್ರಾಜ್ಯ ಕಟ್ಟಬೇಕು, ನಕ್ಷತ್ರದಿಂದ ನಕ್ಷತ್ರಕ್ಕೆ ಹಬ್ಬಬೇಕು, ಅಡ್ಡ ಬಂದವರ ಜೊತೆ ಯುದ್ಧ ಮಾಡಬೇಕು. ನಮ್ಮದು ಒಂದೇ ಲ್ಯಾಪ್‌ಟಾಪ್, ಒಂದೇ ಮೌಸ್, ಮೂರು ಬಾಯಿ. ಎದುರಾಳಿ ಪಕ್ಕದ ಬ್ಲಾಕಿನ ಹುಡುಗರು.

ಆಡದವರಿಗೆ ಸ್ವಲ್ಪ ಹೇಳಿಬಿಡ್ತೀವಿ. ನೇವಲ್ ಕೆಪಾಸಿಟಿ ಅಂತ ಒಂದು ಮಿತಿ ಇರುತ್ತೆ. ಕಾರ್ವೆಟ್ ಅದರಲ್ಲಿ 1 ತಿನ್ನುತ್ತೆ, ಡಿಸ್ಟ್ರಾಯರ್ 2, ಕ್ರೂಸರ್ 4, ಬ್ಯಾಟಲ್‌ಶಿಪ್ 8. ಮಿತಿ ದಾಟಿದರೆ ಖರ್ಚು ಏರುತ್ತೆ. ಹಾಗಾಗಿ ಪ್ರಶ್ನೆ ಇಷ್ಟೇ: ಇರೋ ಜಾಗದಲ್ಲಿ ಯಾವ ಹಡಗು ಎಷ್ಟು?

ನಮಗೆ ಅದು ಪ್ರಶ್ನೆಯೇ ಅಲ್ಲ. 80 ಜಾಗ ಇತ್ತು, 10 ಬ್ಯಾಟಲ್‌ಶಿಪ್ ಕಟ್ಟಿದೆವು. ಪ್ರತಿ ಫ್ಲೀಟಿಗೂ ಅದರ ಬಲ ಎಷ್ಟು ಅಂತ ಒಂದು ನಂಬರ್ ತೋರಿಸುತ್ತೆ. ನಮ್ಮ ನಂಬರ್ ಅವರದಕ್ಕಿಂತ ದೊಡ್ಡದು. ಗೆದ್ದೇಬಿಟ್ಟೆವು ಅಂದುಕೊಂಡೆವು.

ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಬಾಗಲಕೋಟೆ ಕಡೆಯ ಗೆಳೆಯ ಮಂಚದ ಮೇಲೆ ಕೂತು ನೋಡ್ತಿದ್ದ. "ಬರೇ ದೊಡ್ಡವನ್ನ ಕಟ್ಟಿದ್ರ ಸಣ್ಣವನ್ನ ಹೊಡಿಯೋರು ಯಾರಲೇ?" ಅಂದ. ನಾವು ನಕ್ಕೆವು.

ಅವರು ಬಂದಿದ್ದು ಮಿಸೈಲ್ ಹೊತ್ತ ಕಾರ್ವೆಟ್‌ಗಳ ಹಿಂಡಿನಲ್ಲಿ. ಈ ಗೇಮ್‌ನ ಲೆಕ್ಕ ಹೀಗಿದೆ: ಗುರಿಯ ಇವೇಷನ್‌ನಿಂದ ನಮ್ಮ ಗನ್ನಿನ ಟ್ರ್ಯಾಕಿಂಗ್ ಕಳೆಯಬೇಕು, ಉಳಿದದ್ದನ್ನು ಅಕ್ಯುರಸಿಯಿಂದ ಕಳೆಯಬೇಕು. ಇವೇಷನ್ 60, ಟ್ರ್ಯಾಕಿಂಗ್ 5, ಅಕ್ಯುರಸಿ 85 ಅಂತಿಟ್ಟುಕೊಳ್ಳಿ. 85ರಲ್ಲಿ 55 ಹೋದರೆ 30. ನೂರು ಸಲ ಹೊಡೆದರೆ ಮೂವತ್ತು ತಾಗುತ್ತೆ. ದೊಡ್ಡ ಗನ್ನಿಗೆ ಟ್ರ್ಯಾಕಿಂಗ್ ಕಡಿಮೆ, ಪುಟ್ಟ ಹಡಗು ತಪ್ಪಿಸಿಕೊಳ್ಳುತ್ತೆ. ಇನ್ನೊಂದು ಕಡೆ ಮಿಸೈಲ್‌ಗಳು ಶೀಲ್ಡ್ ದಾಟಿ ನೇರ ಒಳಗೆ ಬರ್ತವೆ. ನಾವು ಎಲ್ಲಾ ದುಡ್ಡು ಸುರಿದಿದ್ದೇ ಶೀಲ್ಡಿಗೆ. ಹತ್ತೂ ಹೋದವು.

ಮುಂದಿನ ಶನಿವಾರ ಪೆನ್ನು ಅವನ ಕೈಗೆ ಕೊಟ್ಟೆವು. ಅದೇ 80 ಜಾಗಕ್ಕೆ 6 ಬ್ಯಾಟಲ್‌ಶಿಪ್, 10 ಡಿಸ್ಟ್ರಾಯರ್, 12 ಕಾರ್ವೆಟ್ ಅಂತ ಬರೆದ. ಡಿಸ್ಟ್ರಾಯರ್‌ಗೆ ಪಾಯಿಂಟ್ ಡಿಫೆನ್ಸ್ ಹಾಕಿಸಿದ, ಅದು ಬರೋ ಮಿಸೈಲನ್ನೇ ಹೊಡೆದು ಬೀಳಿಸುತ್ತೆ. ಬಲದ ನಂಬರ್ ಮೊದಲಿಗಿಂತ ಇಳೀತು. ಆದರೆ ಅವತ್ತು ನಮ್ಮ ಗಡಿ ಉಳೀತು.

ಇಷ್ಟು ಕಲಿತವರು ಒಂದು ತಿಂಗಳ ನಂತರ ಏನು ಮಾಡಿದೆವು ಗೊತ್ತಾ? ಮಿನಿ ಪ್ರಾಜೆಕ್ಟಿಗೆ ನಾಲ್ಕು ಜನರ ಟೀಮ್ ಬೇಕಿತ್ತು. ಮೂವರು ಇದ್ದೆವು. ನಾಲ್ಕನೆಯವನಾಗಿ ಅವನೇ ಬರ್ತಾನೆ ಅಂತ ಅವನೂ ಅಂದುಕೊಂಡಿದ್ದ. ನಾವು ಸಿಜಿಪಿಎ ನೋಡಿ ಕ್ಲಾಸ್ ಟಾಪರನ್ನು ಸೇರಿಸಿಕೊಂಡೆವು. ಅವನಿಗೆ ಹೇಳಲೂ ಇಲ್ಲ. ನೋಟಿಸ್ ಬೋರ್ಡಿನಲ್ಲಿ ಹಾಕಿದ ಲಿಸ್ಟ್ ನೋಡಿ ತಿಳ್ಕೊಂಡ. ಆಮೇಲೆ ಶನಿವಾರ ರೂಮಿಗೆ ಬರೋದು ನಿಲ್ಲಿಸಿದ.

ನಾಲ್ವರೂ ಕೋಡ್ ಚೆನ್ನಾಗಿ ಬರೆದೆವು. ಡೆಮೊ ಹಿಂದಿನ ರಾತ್ರಿ ಸೆನ್ಸರ್ ರೀಡಿಂಗ್ ಒಮ್ಮೆ ಬರುತ್ತೆ, ಒಮ್ಮೆ ಇಲ್ಲ. ಕೋಡನ್ನು ಹತ್ತು ಸಲ ತಿರುವಿ ಹಾಕಿದೆವು. ಹನ್ನೊಂದು ಗಂಟೆಗೆ ಬೇರೆ ದಾರಿ ಕಾಣದೆ ಅವನ ರೂಮಿನ ಬಾಗಿಲು ತಟ್ಟಿದೆವು.

ಏನೂ ಕೇಳಲಿಲ್ಲ. ಸಾಲ್ಡರಿಂಗ್ ಐರನ್ ತಗೊಂಡು ಬಂದ. ಬೋರ್ಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಒಂದು ಪಿನ್ನಿನ ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಐದು ನಿಮಿಷದ ಕೆಲಸ. ಹೊರಡುವಾಗ ಬಾಗಿಲಲ್ಲಿ ನಿಂತು, "ಈ ಫ್ಲೀಟ್‌ನ್ಯಾಗೂ ಡಿಸ್ಟ್ರಾಯರ್ ಇಲ್ಲಲೇ" ಅಂದ. ಈ ಸಲ ನಮಗೆ ನಗು ಬರಲಿಲ್ಲ.

ಅವನ ಹೆಸರು ಸೇರಿಸೋಕೆ ಕೇಳಿದೆವು, ಲಿಸ್ಟ್ ಆಗಲೇ ಹೋಗಿಬಿಟ್ಟಿತ್ತು. ರಿಪೋರ್ಟಿನಲ್ಲಿ ಇವತ್ತಿಗೂ ನಾಲ್ಕೇ ಹೆಸರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡದಲ್ಲಿ ಸಾರಿ ಕೇಳೋದು ಹೇಗೆ ಅಂತ ಸರಿಯಾಗಿ ಬರಲ್ಲ. ಆದರೆ ಈ ಮ್ಯಾಗಜೀನ್ ಅವನು ತಪ್ಪದೆ ಓದ್ತಾನೆ. ಮುಂದಿನ ಸೆಮ್‌ನ ಟೀಮ್ ಲಿಸ್ಟಿನಲ್ಲಿ ಮೊದಲ ಹೆಸರು ಅವನದೇ ಬರೀತೀವಿ ಅಂತ ನಾವು ಮೂವರು ಮಾತಾಡಿಕೊಂಡಿದ್ದೀವಿ. ಅವನು ಒಪ್ತಾನಾ ಅಂತ ಮಾತ್ರ ಇನ್ನೂ ಕೇಳಿಲ್ಲ.