ಹೇರ್‌ಪಿನ್

ನಮ್ಮ ಯಜಮಾನರ ವರ್ಷಾಬ್ದಿಕಕ್ಕೆ ಮಗಳು ಬರಲಿಲ್ಲ. “ಅಮ್ಮಾ, ಆ ವಾರವೇ ನನಗೆ ಮೆಷೀನು ಸಿಕ್ಕಿದೆ. ಸ್ಯಾಂಪಲ್ ಕೆಟ್ಟರೆ ನಾಲ್ಕು ತಿಂಗಳ ಕೆಲಸ ನೀರಿಗೆ ಹೋದ ಹಾಗೆ” ಎಂದು ಬೆಂಗಳೂರಿನಿಂದ ಫೋನು ಮಾಡಿದಳು. “ಒಂದು ಗಾಜಿನ ನಳಿಗೆಗಿಂತ ನಿಮ್ಮಪ್ಪ ಕಡೆಯಾದರೇನೇ?” ಎಂದು ಕೇಳಿ ಫೋನು ಇಟ್ಟುಬಿಟ್ಟೆ. ಮೈದುನನ ಮಗ ಕೂತು ಕರ್ಮ ಮಾಡಿದ. ಆಮೇಲೆ ಎರಡು ತಿಂಗಳು ನಾನಾಗಿ ಅವಳೊಡನೆ ಮಾತಾಡಲಿಲ್ಲ.

ಕೊನೆಗೆ ಅವಳೇ ತಿಪಟೂರಿಗೆ ಬಂದು, “ಬೈಯುವುದಾದರೆ ನೋಡಿಯಾದರೂ ಬೈಯಮ್ಮ” ಎಂದು ನನ್ನನ್ನು ಕರೆದುಕೊಂಡು ಹೋದಳು.

ಬಾಗಿಲಲ್ಲೇ ತಡೆ. ವಾಚು, ತಲೆಯ ಹೇರ್‌ಪಿನ್ನುಗಳು, ಸೀರೆಯ ನೆರಿಗೆಗೆ ಹಾಕಿದ ಪಿನ್ನು ಎಲ್ಲವನ್ನೂ ಬಿಚ್ಚಿಸಿದಳು. ಒಳಗಿರುವುದು ಎನ್‌ಎಂಆರ್ ಯಂತ್ರ. ಹಾಲಿನ ಡೈರಿಯ ದೊಡ್ಡ ಕ್ಯಾನಿನ ಹಾಗೆ ಕಾಣುತ್ತದೆ. ಅದರೊಳಗಿನ ಅಯಸ್ಕಾಂತಕ್ಕೆ ಭೂಮಿಯದಕ್ಕಿಂತ ಸುಮಾರು 3 ಲಕ್ಷ ಪಟ್ಟು ಶಕ್ತಿಯಂತೆ. ಅದರ ಸುರುಳಿಯನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿಸಿಟ್ಟಿರುತ್ತಾರೆ. ಇಷ್ಟೆಲ್ಲ ಸಂಭ್ರಮ ಯಾರಿಗಾಗಿ? 5 ಮಿಲಿಮೀಟರ್ ಅಗಲದ ನಳಿಗೆಯಲ್ಲಿ ಅರ್ಧ ಮಿಲಿಲೀಟರ್ ನೀರು, ಅದರಲ್ಲಿ ಕರಗಿದ ಕಣ್ಣಿಗೆ ಕಾಣದ ಆರ್‌ಎನ್‌ಎ.

ಆರ್‌ಎನ್‌ಎ ಎಂದರೆ ಕೊರೋನಾ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಎ, ಜಿ, ಸಿ, ಯು ಎಂಬ ನಾಲ್ಕು ಅಕ್ಷರಗಳನ್ನು ಪೋಣಿಸಿದ ಸರ ಅದು. ಸರ ಸುಮ್ಮನೆ ಜೋತು ಬಿದ್ದಿರುವುದಿಲ್ಲ, ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಹೇಗೆ ಮಡಚಿಕೊಂಡಿತು ಎಂಬುದರ ಮೇಲೆ ಅದರ ಕೆಲಸ. ಅದನ್ನು ಮುಟ್ಟುವುದಕ್ಕೂ ಮಡಿ. ನಮ್ಮ ಬೆರಳಿನ ಚರ್ಮದಲ್ಲಿರುವ ಕಿಣ್ವವೊಂದು ಆರ್‌ಎನ್‌ಎಯನ್ನು ತುಂಡು ತುಂಡು ಮಾಡಿಬಿಡುತ್ತದೆ. ಕೈಗವಸಿಲ್ಲದೆ ಹತ್ತಿರ ಹೋಗುವಂತಿಲ್ಲ. ಶ್ರಾದ್ಧದ ದಿನ ನಮ್ಮತ್ತೆ ನಮ್ಮನ್ನು ಅಡಿಗೆಮನೆಯ ಹೊಸಿಲ ಆಚೆ ನಿಲ್ಲಿಸುತ್ತಿದ್ದುದು ನೆನಪಾಯಿತು.

“ಕಾಣದ್ದರ ಚಿತ್ರ ಹೇಗೆ ಬರೆಯುತ್ತೀಯೇ?” ಎಂದೆ.

“ಅಮ್ಮಾ, ನಿನ್ನ ಕ್ಲಾಸಿನ ಬಾಗಿಲು ಮುಚ್ಚಿದ್ದರೂ ಹೊರಗೆ ನಿಂತು ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಹೇಳುತ್ತೀಯಲ್ಲ, ಹಾಗೆ” ಎಂದಳು. ಹೈಡ್ರೋಜನ್ ಪರಮಾಣುವಿನ ಬೀಜವೂ ಒಂದು ಪುಟ್ಟ ಅಯಸ್ಕಾಂತ. ರೇಡಿಯೋ ಅಲೆಯಿಂದ ಅದನ್ನು ಕದಡಿದರೆ ತನ್ನದೇ ಸ್ವರದಲ್ಲಿ ಉತ್ತರ ಕೊಡುತ್ತದೆ. ಹತ್ತಿರ ಇರುವ ಎರಡು ಹೈಡ್ರೋಜನ್‌ಗಳು ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುತ್ತವೆ. ಆದರೆ ಬಹಳ ಹತ್ತಿರವಿರಬೇಕು, 5–6 ಆಂಗ್‌ಸ್ಟ್ರಾಮ್‌ನೊಳಗೆ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ದೂರ ಎರಡರಷ್ಟಾದರೆ ಆ ಪಿಸುಮಾತು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂಥ ನೂರಾರು ಪಿಸುಮಾತುಗಳ ಪಟ್ಟಿ ಮಾಡಿ, ಎಲ್ಲಕ್ಕೂ ಹೊಂದುವ ಆಕಾರವನ್ನು ಕಂಪ್ಯೂಟರಿನಿಂದ ಹುಡುಕಿಸಬೇಕು. ಇರುವುದು ನಾಲ್ಕೇ ಅಕ್ಷರವಾದ್ದರಿಂದ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಬಿಡಿಸುವಷ್ಟರಲ್ಲಿ ಕಣ್ಣು ಬೀಳುತ್ತದೆ.

ಕಲಿಯುವವರಿಗೆ ತೋರಿಸುವ ಹಳೆಯ ಉದಾಹರಣೆಯೊಂದನ್ನು ಪರದೆಯ ಮೇಲೆ ತೋರಿಸಿದಳು. 1990ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಇಗ್ನೇಷಿಯೋ ಟಿನೋಕೊ ಮತ್ತು ಸಂಗಡಿಗರು ಹೀಗೆ ಬಿಡಿಸಿದ 12 ಅಕ್ಷರದ ತುಣುಕು. ಎರಡು ಕಾಲು, ಮೇಲೆ ನಾಲ್ಕು ಅಕ್ಷರದ ಕುಣಿಕೆ. ಅದಕ್ಕೆ ಹೇರ್‌ಪಿನ್ ಎಂದೇ ಹೆಸರು! “ನನ್ನ ಹೇರ್‌ಪಿನ್ ಬಾಗಿಲಲ್ಲಿ ಬಿಚ್ಚಿಸಿ ಒಳಗೆ ಇದನ್ನು ಹುಡುಕುತ್ತೀರಾ?” ಎಂದೆ. ಎರಡು ತಿಂಗಳ ಮೇಲೆ ಇಬ್ಬರೂ ನಕ್ಕೆವು.

ಅವಳು ಮೊದಲು ನೋಡುವುದು ಜೋಡಿಗಳನ್ನಂತೆ. ಜಿ ಎದುರಿನ ಸಿಯನ್ನೋ, ಎ ಎದುರಿನ ಯುವನ್ನೋ ಹಿಡಿದುಕೊಂಡಾಗ ನಡುವಿನ ಹೈಡ್ರೋಜನ್ ಒಂದು ಗೆರೆ ಕೊಡುತ್ತದೆ. ಜೋಡಿಯಿಲ್ಲದ್ದರ ಹೈಡ್ರೋಜನ್ ಸುತ್ತಲಿನ ನೀರಿನೊಡನೆ ಅದಲುಬದಲಾಗುತ್ತಾ ಇರುತ್ತದೆ, ಗೆರೆಯೇ ಏಳುವುದಿಲ್ಲ. ಆ ಹೇರ್‌ಪಿನ್ನಿನ ಕುಣಿಕೆಯಲ್ಲಿ ಮೊದಲನೆಯ ಯು ಮತ್ತು ಕೊನೆಯ ಜಿ ವಿಚಿತ್ರವಾಗಿ ತಿರುಗಿ ಜೋಡಿಯಾಗಿವೆ. ಎರಡನೆಯ ಯು ಮಾತ್ರ ಯಾರಿಗೂ ಅಂಟದೆ ನೀರಿನ ಕಡೆ ಚಾಚಿಕೊಂಡಿದೆ.

ನಾನು ಅದನ್ನೇ ನೋಡುತ್ತಾ ನಿಂತೆ. ಏನೋ ಹೊಳೆದವಳಂತೆ ಅವಳು, “ಗೆರೆ ಇಲ್ಲ ಅಂದರೆ ಅಕ್ಷರ ಇಲ್ಲ ಅಂತಲ್ಲಮ್ಮ, ಅದನ್ನು ಬೇರೆ ಹೈಡ್ರೋಜನ್‌ಗಳಿಂದ ಹುಡುಕುತ್ತೇವೆ” ಎಂದಳು. ಪಾಠವಾಗಿ ಹೇಳಿದಳೋ, ನನಗೆಂದೇ ಹೇಳಿದಳೋ, ಕೇಳಲಿಲ್ಲ.

ಆಮೇಲೆ ಅವಳದೇ ತುಣುಕಿನ ಚಿತ್ರ ತೆರೆದಳು. ಒಂದಲ್ಲ, ಒಂದರ ಮೇಲೊಂದು ಇಟ್ಟ 20 ಚಿತ್ರಗಳು. ಕಾಲಿನ ಭಾಗದಲ್ಲಿ ಇಪ್ಪತ್ತೂ ಹೆಣೆದ ಜಡೆಯಂತೆ ಒಂದಾಗಿವೆ, ತುದಿಯಲ್ಲಿ ಕೂದಲು ಕೆದರಿದ ಹಾಗೆ. “ಇದೇನೇ, ತಪ್ಪಾಯಿತೆ?” ಎಂದೆ. ಅಲ್ಲವಂತೆ. ಅಲ್ಲಿ ಸಿಕ್ಕ ಪಿಸುಮಾತು ಕಡಿಮೆ, ಅಥವಾ ಆ ಭಾಗ ನಿಜವಾಗಿಯೂ ಅಲುಗುತ್ತಿರಬಹುದು. ಸಿಗದ್ದನ್ನು ಸಿಕ್ಕಂತೆ ನೀವಿ ತೋರಿಸುವಂತಿಲ್ಲ. ಹಾಗೇ ಕೆದರಿದ್ದನ್ನೇ ಅಚ್ಚು ಹಾಕಬೇಕು. ಪರೀಕ್ಷೆಯಲ್ಲಿ ಗೊತ್ತಿಲ್ಲದ್ದನ್ನೂ ಎರಡು ಪುಟ ಬರೆಯುವ ನನ್ನ ಮಕ್ಕಳು ಕಣ್ಣ ಮುಂದೆ ಬಂದರು.

ವರ್ಷಾಬ್ದಿಕದ ದಿನ ಅವಳು ಇದೇ ಕೋಣೆಯಲ್ಲಿ ರಾತ್ರಿಯೆಲ್ಲ ಕೂತಿದ್ದಳಂತೆ. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಇದನ್ನು ಹೇಳಿದ್ದು ಅವಳಲ್ಲ, ಪಕ್ಕದ ಕುರ್ಚಿಯ ಹುಡುಗಿ.

ಈ ವರ್ಷವೂ ತಿಥಿಯ ವಾರಕ್ಕೇ ಮೆಷೀನು ಸಿಕ್ಕಿತು. ಹೇಳುವಾಗ ಅವಳ ಧ್ವನಿ ಹೆದರಿತ್ತು. ಮೈದುನನ ಮಗ ಕರ್ಮ ಮುಗಿಸಿದ ಮೇಲೆ ವಡೆ, ಪಾಯಸ ಡಬ್ಬಿಗೆ ತುಂಬಿಕೊಂಡು ಸಂಜೆಯ ಬಸ್ಸು ಹತ್ತಿದೆ. ಸೀರೆಗೆ ಪಿನ್ನು ಹಾಕಿರಲಿಲ್ಲ.